ಸ್ಲ್ಯಾಬಿನ ಮೇಲಿನ ಸವಳು ಮಣ್ಣು

ಸಿಂಧನೂರಿನ ಕಾರ್ಯಾಗಾರದಲ್ಲಿ ನಾನು ನಮ್ಮ ಹಿರಿಯರ ಮನೆಯೇ ಮೊದಲ ಹಸಿರು ಕಟ್ಟಡ ಎಂದು ಹೇಳಿ ಪರದೆಯ ಮೇಲೆ ಮೂರನೆಯ ಚಿತ್ರಕ್ಕೆ ಬರುವಷ್ಟರಲ್ಲಿ ಗುತ್ತಿಗೆದಾರರೊಬ್ಬರು ಎದ್ದು ನಿಂತರು. ಹಸಿರು ಕಟ್ಟಡ ನೀತಿಯನ್ನು ಇಂಜಿನಿಯರುಗಳಿಗೆ, ಗುತ್ತಿಗೆದಾರರಿಗೆ, ಪ್ಲ್ಯಾನ್ ಬರೆದುಕೊಡುವವರಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕು ನನ್ನ ಪಾಲಿಗೆ ಬಂದಿದ್ದವು.

"ಮೇಡಂ, ಇದೆಲ್ಲಾ ಗೊತ್ತೈತ್ರಿ," ಎಂದರು ಅವರು. "ಬಿಸಲು ತಡೀಬೇಕು, ಮಳಿನೀರು ಹಿಡೀಬೇಕು, ಹಾರುಬೂದಿ ಇಟ್ಟಂಗಿ ಹಾಕಬೇಕು. ನಾಕನೇ ಸಲ ಕೇಳಾಕತ್ತೀನಿ. ಗೊತ್ತಿಲ್ಲ ಅನ್ನೋದಲ್ರಿ. ಮಾಡಿದವರು ಯಾರದಾರ? ನಮ್ಮ ಕಡಿ ಒಂದ ಒಂದು ಬಿಲ್ಡಿಂಗ್ ತೋರಸ್ರಿ. ಕಣ್ಣಿಲೆ ನೋಡಿದ ಮ್ಯಾಲ ನಾನೂ ಮಾಡ್ತೀನಿ."

ಹಿಂದಿನ ಕುರ್ಚಿಗಳಲ್ಲಿ ನಗೆ ಎದ್ದಿತು. ನನಗೆ ಅವಮಾನ ಆಗಬೇಕಿತ್ತು, ಆಗಲಿಲ್ಲ. ಅವರು ಹೇಳಿದ್ದು ನಿಜವೇ. ಮೂರೂ ತಾಲ್ಲೂಕು ಸುತ್ತಿ ನಾನು ತಿಳಿದದ್ದೂ ಅದನ್ನೇ. ನೀತಿ ಎಲ್ಲರಿಗೂ ಗೊತ್ತು, ಎಲ್ಲರ ಫೋನಿನಲ್ಲೂ ಅದರ ಪ್ರತಿ ಇದೆ. ಕಟ್ಟುವಾಗ ಮಾತ್ರ ಪಡುವಣ ಗೋಡೆಗೆ ಅಗಲವಾದ ಗಾಜು ಹಚ್ಚಿ, ಆಮೇಲೆ ಸೆಕೆ ಅಂತ ಎರಡು ಏಸಿ ಕೂರಿಸುತ್ತಾರೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಚಹಾ ಬಂತು, ಹಾಜರಿಗೆ ಸಹಿಯಾಯಿತು, ಜನ ಎದ್ದು ಹೋದರು. ನಾನು ಪರದೆ ಸುತ್ತಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ.

ಆ ವರ್ಷ ನಾನು ಇದ್ದದ್ದೇ ಹಾಗೆ. ಸಿಟ್ಟು, ಬೇಸರ, ಖುಷಿ ಯಾವುದೂ ಪೂರ್ತಿ ಬರುತ್ತಿರಲಿಲ್ಲ. ಊಟ ಮಾಡುತ್ತಿದ್ದೆ, ಸಾರಿಗೆ ಉಪ್ಪು ಹೆಚ್ಚಾಗಿದೆಯೋ ಕಡಿಮೆಯೋ ಗಮನಕ್ಕೆ ಬರುತ್ತಿರಲಿಲ್ಲ. "ಥೈರಾಯ್ಡ್ ತೋರ್ಸಿಕೊಳ್ಳವ್ವ," ಎಂದಳು ಅಕ್ಕ. ತೋರಿಸಿದೆ, ಏನೂ ಇರಲಿಲ್ಲ. ಡಾಕ್ಟರು ಬಿ ಕಾಂಪ್ಲೆಕ್ಸ್ ಬರೆದುಕೊಟ್ಟರು. ಯಾರೂ ಮಾಡದ ಕೆಲಸವನ್ನು ಮಾಡಿರಿ ಮಾಡಿರಿ ಎಂದು ಹೇಳುತ್ತ ತಿರುಗಿ ಒಳಗೆ ಜಡ್ಡುಗಟ್ಟಿತ್ತು, ಅಷ್ಟೇ. ಅದಕ್ಕೆ ಗುಳಿಗೆ ಇರಲಿಕ್ಕಿಲ್ಲ.

ಆ ಚಳಿಗಾಲಕ್ಕೆ ಮುಂಚೆ ಒಂದು ಕಟ್ಟಡ ಕೈಗೆ ಸಿಕ್ಕಿತು. ಮಸ್ಕಿ ತಾಲ್ಲೂಕಿನ ಒಂದು ಊರಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ಮೇಲಂತಸ್ತು ಕಟ್ಟಬೇಕಿತ್ತು. ಅದನ್ನು ಹಸಿರು ನೀತಿಯಂತೆ ಕಟ್ಟಿ, ಮುಗಿದ ಮೇಲೆ ಮೂರೂ ತಾಲ್ಲೂಕಿನವರನ್ನು ಕರೆದು ತೋರಿಸಬೇಕು ಎಂದು ಇಲಾಖೆಯ ಕಾರ್ಯಪಾಲಕ ಇಂಜಿನಿಯರ್ ಸಾಹೇಬರು ಒಪ್ಪಿದರು. ಟೆಂಡರು ಆಗಿದ್ದು ಸಿಂಧನೂರಿನ ಅದೇ ಗುತ್ತಿಗೆದಾರರಿಗೆ. ನನ್ನನ್ನು ನೋಡಿ, "ಅಯ್ಯೋ ನೀವ ಬಂದ್ರೇನ್ರಿ," ಎಂದು ಹಣೆ ಒತ್ತಿಕೊಂಡರು.

ಹಾಸ್ಟೆಲಿನ ವಾರ್ಡನ್ ಲಿಂಗಸುಗೂರಿನವರು. ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಪಾಲಿಸಿ ಗೀಲಿಸಿ ನನಗ ತಿಳ್ಯಂಗಿಲ್ರಿ ಮೇಡಂ. ನಾ ಮೊದಲಿದ್ದ ಹಾಸ್ಟೆಲ್‍ದಾಗ ಮ್ಯಾಲಿನ ರೂಮಿನ ಹುಡುಗ್ಯಾರು ಪರೀಕ್ಷಾ ಟೈಮಿನಾಗ ನೆಲಕ್ಕ ನೀರು ಸುರುವಿ ಅದರ ಮ್ಯಾಲ ಕುಂತು ಓದತಿದ್ರು. ಒಬ್ಬಾಕಿ ಎಚ್ಚರ ತಪ್ಪಿ ಬಿದ್ದಿದ್ಲು. ಬ್ಯಾಸಗಿ ಮಧ್ಯಾಹ್ನ ಹುಡುಗ್ಯಾರು ಮ್ಯಾಲ ಕುಂತು ಓದುವಂಗ ಮಾಡಿಕೊಡ್ರಿ, ಸಾಕು."

ನಾನು ಹ್ಞೂಂ ಎಂದೆ. ಆಗಲೂ ಒಳಗೆ ಏನೂ ಅಲುಗಲಿಲ್ಲ. ಆದರೆ ಆ ಮಾತು ಬರೆದಿಟ್ಟುಕೊಳ್ಳದೆಯೂ ನೆನಪಿನಲ್ಲಿ ಉಳಿಯಿತು.

ಕೆಲಸ ಮೊದಲಿನಿಂದಲೂ ತಕರಾರಿನದೇ. ಪಡುವಣ ಕಡೆಯ ಕಿಟಕಿಗಳನ್ನು ತೆಗೆದು ಬಡಗಣಕ್ಕೆ, ತೆಂಕಣಕ್ಕೆ ಹಂಚಿದೆ. ಕಿಟಕಿಗಳ ಮೇಲೆ ಬಿಸಿಲು ತಡೆಯಲು ಮುಂದೆ ಚಾಚಿದ ಸಜ್ಜಾ ಕೇಳಿದ್ದಕ್ಕೆ ಸಾಹೇಬರು ಎಸ್ಟಿಮೇಟಿನಲ್ಲಿ ಇಲ್ಲ ಎಂದರು. ಮುಂಭಾಗದಲ್ಲಿ ಚಂದಕ್ಕೆಂದು ಬರೆದಿದ್ದ ಎರಡು ದುಂಡು ಕಂಬ ಬಿಟ್ಟು ಅದರಲ್ಲಿ ಸಜ್ಜಾ ಮಾಡಿರಿ ಎಂದೆ. ಒಂದು ವಾರ ಯೋಚಿಸಿ ಒಪ್ಪಿದರು. ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಹಾರುಬೂದಿಯಿಂದ ಮಾಡಿದ ಇಟ್ಟಿಗೆ ಬಂತು. ಗೌಂಡಿಗಳು ಸುಟ್ಟ ಇಟ್ಟಿಗೆಗೆ ಮಾಡುವಂತೆಯೇ ಅದನ್ನೂ ತೊಟ್ಟಿಯಲ್ಲಿ ಮುಳುಗಿಸಿಟ್ಟು ಕಟ್ಟಿದರು. ಅದಕ್ಕೆ ನೀರು ಚಿಮುಕಿಸಿದರೆ ಸಾಕು, ನೆನೆದರೆ ಒಣಗುವಾಗ ಕುಗ್ಗುತ್ತದೆ. ಗಿಲಾವು ಮಾಡಿದ ಮೇಲೆ ಒಂದು ಗೋಡೆಯ ತುಂಬ ಬಿರುಕು ಬಂತು.

"ನೋಡ್ರಿ ನಿಮ್ಮ ಬೂದಿ ಇಟ್ಟಂಗಿ ಹಣೇಬಾರ," ಎಂದರು ಗುತ್ತಿಗೆದಾರರು.

"ಇಟ್ಟಂಗೀದಲ್ರಿ, ನೀರಿಂದು. ಗಿಲಾವು ಕೆತ್ತಿ ಮತ್ತ ಮಾಡಸ್ರಿ."

"ಹೈರಾಣ ಮಾಡ್ತೀರಿ ಬಿಡ್ರಿ," ಎಂದು ಗೊಣಗಿದರು. ಆದರೆ ಆ ಗಿಲಾವು ಕೆತ್ತಿಸಿ ಹೊಸದಾಗಿ ಮಾಡಿಸಿದರು. ಆಮೇಲೆ ಇಟ್ಟಿಗೆ ತೊಟ್ಟಿಯಲ್ಲಿ ಬೀಳದಂತೆ ಅವರೇ ಕಾದರು.

ಚಾವಣಿಗೆ ನಾನು ಬರೆದದ್ದು ಸರಳವಾಗಿತ್ತು. ಸ್ಲ್ಯಾಬಿನ ಮೇಲೆ ನೀರು ಇಳಿಯದಂತೆ ಒಂದು ಲೇಪ, ಅದರ ಮೇಲೆ ಬಿಳಿ ಟೈಲ್ಸಿನ ಚೂರು. ಬಿಳಿ ಮೈ ಬಿಸಿಲನ್ನು ವಾಪಸ್ಸು ಕಳಿಸುತ್ತದೆ. ಚೂರು ಕೊಳ್ಳುವುದೂ ಬೇಕಿಲ್ಲ, ಟೈಲ್ಸ್ ಅಂಗಡಿಗಳಲ್ಲಿ ಒಡೆದದ್ದು ರಾಶಿ ಬಿದ್ದಿರುತ್ತದೆ. ಗುತ್ತಿಗೆದಾರರು ಸಿಂಧನೂರಿನ ಅಂಗಡಿಗಳಿಂದ ಚೀಲ ತುಂಬಿ ತರಿಸತೊಡಗಿದರು. ನಾನು ಗುರುಗುಂಟಾ ಕಡೆ ಗೌಂಡಿಗಳ ತರಬೇತಿಗೆ ಹೋದೆ.

ತಿರುಗಿ ಬಂದಾಗ ಸ್ಲ್ಯಾಬು ಕಾಣಿಸಲಿಲ್ಲ. ಅದರ ಮೇಲೆ ನಾಲ್ಕು ಬೆರಳು ದಪ್ಪ ಮಣ್ಣು ಹರಡಿ, ಹದವಾಗಿ ನೀರು ಕೊಟ್ಟು, ಬಡಿದು ನುಣ್ಣಗೆ ಮಾಡಿದ್ದರು. ನೀರು ಹರಿಯಲು ಇಳಿಜಾರೂ ಇತ್ತು. ಗುತ್ತಿಗೆದಾರರು ಮದುಮಗನಂತೆ ನಡುವೆ ನಿಂತಿದ್ದರು.

"ಬರ್ರಿ ಮೇಡಂ, ಬರ್ರಿ. ನಿಮಗ ಹೇಳದ ಮಾಡೀನಿ, ಬೈಬ್ಯಾಡ್ರಿ."

"ಏನ್ರಿ ಇದು?"

"ನಮ್ಮಪ್ಪನ ಮಾಳಿಗಿ ಮ್ಯಾಲ ಹಿಂಗ ಮಣ್ಣು ಇರ್ತಿತ್ತು. ಎಂಥಾ ಬಿಸಲಿದ್ರೂ ಒಳಗ ಥಣ್ಣಗ. ನೀವ ಅಂದಿರಲ್ರಿ ಸಿಂಧನೂರಾಗ, ನಮ್ಮ ಹಿರ್ಯಾರ ಮನಿನ ಮೊದಲಿನ ಹಸಿರು ಕಟ್ಟಡ ಅಂತ? ವಿಚಾರ ಮಾಡಿದೆ. ಖರೇ ಅನಿಸ್ತು. ಟೈಲ್ಸ್ ಚೂರು ಮಳಿಗಾಲದ ಮುಂದ ಇದರ ಮ್ಯಾಲ ಕುಂದ್ರಸೂನು."

"ಮಣ್ಣು ಎಲ್ಲಿಂದ್ರಿ?"

"ನಮ್ಮ ಹೊಲದ್ದ. ದಢೇಸುಗೂರು ಕಡಿಂದ ನನ್ನ ಟ್ರ್ಯಾಕ್ಟರ್‍ಲೆ ತರಿಸೀನಿ."

ಮಣ್ಣಿನ ಭಾರ ಲೆಕ್ಕ ಹಾಕಿದೆ. ಸ್ಲ್ಯಾಬು ತಡೆಯುತ್ತಿತ್ತು. ಕೆಳಗೆ ಲೇಪ ಹಾಕಿಯೇ ಇರುತ್ತಾರೆ ಎಂದುಕೊಂಡೆ, ಕೇಳಲಿಲ್ಲ. ಮಣ್ಣಿನ ಪದರ ಸೆಕೆ ತಡೆಯುವುದೂ ನಿಜ. ನಾಲ್ಕು ಸಲ ಕಾರ್ಯಾಗಾರಕ್ಕೆ ಬಂದು ನಕ್ಕು ಹೋದ ಮನುಷ್ಯ ಯಾರೂ ಹೇಳದೆ, ತನ್ನ ಹೊಲದ ಮಣ್ಣು ತಂದು ಹಾಕಿದ್ದರು. ಚಲೋ ಮಾಡೀರಿ ಎಂದೆ. ಅವರು ಹಿಗ್ಗಿ ಕೂಲಿಯವರಿಗೂ ನನಗೂ ಸೋಡಾ ತರಿಸಿದರು.

ಪರೀಕ್ಷೆ ಹತ್ತಿರ ಬಂದಾಗ ಹುಡುಗಿಯರು ಮೇಲಿನ ಕೋಣೆಗಳಿಗೆ ಹೋದರು. ಬಿಸಿಲು ಕಾದ ಒಂದು ಮಧ್ಯಾಹ್ನ ವಾರ್ಡನ್ ಫೋನು ಮಾಡಿದರು. "ಮೇಡಂ, ಕೆಳಗಿನ ಹುಡುಗ್ಯಾರೂ ಪುಸ್ತಕ ಹಿಡಕೊಂಡು ಮ್ಯಾಲ ಹೋಗ್ಯಾರ್ರಿ. ಮ್ಯಾಲ ತಂಪೈತಿ ಅಂತ ಜಗಳಾಡಾಕತ್ತಾರ." ಫೋನಿನಲ್ಲಿ ಹುಡುಗಿಯರ ಗದ್ದಲ ಕೇಳುತ್ತಿತ್ತು. ಸಂತೋಷ ಎಂದೆ. ಸಂತೋಷ ಎಂಬ ಶಬ್ದವನ್ನು ಹೇಳಿದೆ, ಇನ್ನೇನೂ ಅಲ್ಲ.

ಗುತ್ತಿಗೆದಾರರು ಸೋಡಾ ತರಿಸಿದ ದಿನವೇ ತೆಗೆದಿದ್ದ ಚಾವಣಿಯ ವಿಡಿಯೋವನ್ನು ಮೂರೂ ತಾಲ್ಲೂಕಿನ ಗುತ್ತಿಗೆದಾರರ ವಾಟ್ಸಾಪ್ ಗುಂಪಿಗೆ ಹಾಕಿದರು. ಸಿಂಧನೂರಿನಲ್ಲಿ ತಮ್ಮ ಸ್ವಂತ ಮನೆಯ ಸ್ಲ್ಯಾಬಿಗೂ ಅದೇ ಮಣ್ಣು ಹಾಕಿಸಿದರು. ಮಣ್ಣು ಎಲ್ಲಿ ಸಿಗುತ್ತದೆ, ಎಷ್ಟು ದಪ್ಪ ಹಾಕಬೇಕು ಎಂದು ಇತರರು ಕೇಳತೊಡಗಿದರು. ಇಷ್ಟು ದಿನ ನಾನು ಬೇಡಿಕೊಂಡರೂ ಆಗದ್ದು ತಾನಾಗಿಯೇ ಊರಿಂದ ಊರಿಗೆ ಹೊರಟಿತ್ತು. ಸಾಹೇಬರು ಮಳೆ ಹಿಡಿಯುವ ಮೊದಲು ಎಲ್ಲರನ್ನೂ ಕರೆದು ಹಾಸ್ಟೆಲ್ ತೋರಿಸೋಣ ಎಂದು ದಿನ ಗೊತ್ತು ಮಾಡಿದರು.

ಆದರೆ ಮಳೆ ಮೊದಲೇ ಬಂತು, ಎರಡು ದಿನ ಬಿಡದೆ ಹೊಡೆಯಿತು. ಮಳೆ ನಿಂತ ಮೇಲೆ, ಬರುವವರಿಗೆ ತೋರಿಸುವ ಮೊದಲು ಒಂದು ಸುತ್ತು ನೋಡೋಣವೆಂದು ಹಾಸ್ಟೆಲಿಗೆ ಹೋದೆ. ರಜೆಯಿದ್ದುದರಿಂದ ಕೋಣೆಗಳು ಖಾಲಿ ಇದ್ದವು. ಮೇಲಿನ ಕೋಣೆಯೊಂದರ ಚಾವಣಿಯಲ್ಲಿ, ಫ್ಯಾನಿನ ಕೊಕ್ಕೆಯ ಸುತ್ತ ಬಿಳಿ ಪುಡಿ ಎದ್ದಿತ್ತು. ಮಂಚದ ಮೇಲೆ ಹತ್ತಿ ಬೆರಳಿನಿಂದ ಒರೆಸಿ ನಾಲಿಗೆಗೆ ಹಚ್ಚಿಕೊಂಡೆ. ಉಪ್ಪು. ಮೇಲೆ ಹೋಗಿ ನೀರು ಹರಿದುಹೋಗುವ ಮೂಲೆಯ ಮಣ್ಣು ತೆಗೆದು ನೆಕ್ಕಿ ನೋಡಿದೆ. ಅದೂ ಉಪ್ಪು.

ಅಲ್ಲಿಂದಲೇ ಗುತ್ತಿಗೆದಾರರಿಗೆ ಫೋನು ಮಾಡಿದೆ. "ಅದು ಸವಳು ಮಣ್ಣು ಏನ್ರಿ?"

"ಮತ್ತ? ಮಾಳಿಗಿಗೆ ಸವಳ ಹಾಕಬೇಕಲ್ರಿ," ಎಂದರು, ಇದೆಂಥ ಪ್ರಶ್ನೆ ಎನ್ನುವ ಹಾಗೆ. "ಬ್ಯಾರೆ ಮಣ್ಣು ಹಾಕಿದ್ರ ಸೋರತೈತಿ, ಹುಲ್ಲು ಬೆಳಿತೈತಿ, ಗೆದ್ದಲು ಹತ್ತತೈತಿ. ಸವಳು ಒಮ್ಮೆ ನೀರು ಕುಡೀತಂದ್ರ ಬಿಗೀತೈತಿ, ಸೋರೋ ಮಾತ ಇಲ್ಲ. ಅದಕ್ಕ ನಿಮ್ಮ ಲೇಪನೂ ಹಾಕಿಲ್ರಿ. ಕಾಲುವಿ ನೀರು ನಿಂತು ನನ್ನ ಹೊಲದ ಒಂದು ಮೂಲಿ ಪೂರಾ ಸವಳಾಗೇತಿ. ಪೀಕು ಬರಂಗಿಲ್ಲ, ಇದಕ್ಕರ ಬರಲಿ ಅಂತ ತಂದೆ."

ಅವರು ಹೇಳಿದ ಒಂದು ಮಾತೂ ಸುಳ್ಳಲ್ಲ. ಈ ಕಡೆ ಹಳೆಯ ಮನೆಗಳ ಮಾಳಿಗೆಗೆ ಹಾಕುತ್ತಿದ್ದದ್ದು ಸವಳು ಮಣ್ಣೇ. ಅದರ ಕೆಳಗೆ ಇರುತ್ತಿದ್ದದ್ದು ಮರದ ತೊಲೆ, ಜಂತಿ. ಉಪ್ಪು ಮರವನ್ನು ಹುಳ ಹತ್ತದಂತೆ ಕಾಯುತ್ತದೆ. ಸ್ಲ್ಯಾಬಿನ ಒಳಗಿರುವುದು ಕಬ್ಬಿಣ. ಉಪ್ಪುನೀರು ಕಾಂಕ್ರೀಟಿನಲ್ಲಿ ಇಳಿದು ಕಬ್ಬಿಣ ಮುಟ್ಟಿದರೆ ಅದು ತುಕ್ಕು ಹಿಡಿದು ಉಬ್ಬುತ್ತದೆ, ಕೆಳಗಿನ ಕಾಂಕ್ರೀಟನ್ನು ಹೆಕ್ಕಳೆ ಹೆಕ್ಕಳೆಯಾಗಿ ತಳ್ಳಿ ಕೆಡವುತ್ತದೆ. ಕೆಳಗೆ ಹುಡುಗಿಯರ ಮಂಚಗಳು. ಇಷ್ಟನ್ನೂ ನಾನು ಪಾಠ ಒಪ್ಪಿಸುವಂತೆ ಮನಸ್ಸಿನಲ್ಲೇ ಹೇಳಿಕೊಂಡೆ. ಹೆದರಿಕೆ ಬರಲಿಲ್ಲ.

ಮಣ್ಣನ್ನು ಪಾಲಿಟೆಕ್ನಿಕ್ಕಿನ ಲ್ಯಾಬಿಗೆ ಕೊಟ್ಟೆ. ನಾಲಿಗೆ ಹೇಳಿದ್ದನ್ನೇ ಅವರೂ ಹೇಳಿದರು. ಸಾಹೇಬರ ಬಳಿ ಹೋದೆ.

"ಹತ್ತು ವರ್ಷ ಏನೂ ಆಗಂಗಿಲ್ಲ ತಗೋರಿ," ಎಂದರು. "ಆಗೋದ್ರಾಗ ನಾನೂ ಇಲ್ಲಿರಂಗಿಲ್ಲ, ನೀವೂ ಇರಂಗಿಲ್ಲ. ಎಲ್ಲಾರೂ ಬರಾಕತ್ತಾರ. ಅವರ ಮುಂದ ಬಾಯಿ ಬಿಡಬ್ಯಾಡ್ರಿ. ಒಂದು ಸಲ ಹಸಿರು ಅಂದದ್ದು ಖೊಟ್ಟಿ ಆತು ಅಂದ್ರ ಮುಂದ ಯಾರೂ ಇದರ ಹೆಸರ ಎತ್ತಂಗಿಲ್ಲ."

ಕೊನೆಯ ಮಾತು ಸರಿಯಾಗಿತ್ತು. ಅದಕ್ಕೇ ಲ್ಯಾಬಿನ ಕಾಗದ ಮಡಚಿಕೊಂಡು ಎದ್ದು ಬಂದೆ. ವಾರ್ಡನ್‍ಗೆ ವಿಷಯ ತಿಳಿಸಿದಾಗ ಅವರು ಕೇಳಿದ್ದು ಒಂದೇ. "ಮಣ್ಣು ತೆಗದ್ರ ಮತ್ತ ಕಾಯತೈತೇನ್ರಿ?" ಬಿಳಿ ಟೈಲ್ಸಿನಿಂದ ಅರ್ಧ ತಂಪಾದರೂ ಉಳಿಯುತ್ತದೆ, ಇಷ್ಟು ಇರುವುದಿಲ್ಲ ಎಂದೆ. "ನೀವ ನೋಡ್ರಿ," ಎಂದರು.

ಮುಂದಿನ ಎರಡು ದಿನ ಹೇಳಬೇಕೋ ಬೇಡವೋ ಎಂಬುದು ಗೊತ್ತಾಗದೆ ಓಡಾಡಿದೆ. ಹಾಗೆ ಲಿಂಗಸುಗೂರಿನಿಂದ ಬರುವಾಗ, ಮಸ್ಕಿಯ ಹೊರಗೆ ಬಸ್ಸಿನ ಕಿಟಕಿಯಿಂದ ಒಂದು ಹೊಸ ಮನೆ ಕಂಡಿತು. ಕೂಲಿಯವರು ಬುಟ್ಟಿಯಲ್ಲಿ ಸ್ಲ್ಯಾಬಿನ ಮೇಲೆ ಮಣ್ಣು ಹೊರುತ್ತಿದ್ದರು. ಕಂಡಕ್ಟರಿಗೆ ಹೇಳಿ ಅಲ್ಲೇ ಇಳಿದೆ. ಟ್ರ್ಯಾಕ್ಟರಿನ ಮಣ್ಣನ್ನು ಬೆರಳಿಗೆ ಹಚ್ಚಿ ನೆಕ್ಕಿದೆ.

"ಇದನ್ನ ಹಾಕಾಕ ಯಾರು ಹೇಳ್ಯಾರಪ?" ಎಂದೆ ಗೌಂಡಿಗೆ.

"ಹಸಿರು ಸ್ಕೀಮ್ರಿ ಅಕ್ಕಾರ. ಹಾಸ್ಟೆಲ್ ಮ್ಯಾಲ ಹಾಕ್ಯಾರಲ್ರಿ, ವಿಡಿಯೋ ಬಂದೈತಿ," ಎಂದು ಫೋನು ತೆಗೆದು ನನಗೇ ತೋರಿಸಿದ. ವಿಡಿಯೋದಲ್ಲಿ ಗುತ್ತಿಗೆದಾರರ ಹಿಂದೆ, ಸೋಡಾ ಹಿಡಿದುಕೊಂಡು ನಾನೂ ನಿಂತಿದ್ದೆ.

ಹೇಳುವುದೆಂದು ಆಗ ಗಟ್ಟಿ ಮಾಡಿಕೊಂಡೆ. ಗೌಂಡಿಗೆ ಕೆಲಸ ನಿಲ್ಲಿಸಲು ಹೇಳಿ, ಮತ್ತೊಂದು ಬಸ್ಸು ಹಿಡಿದು ಸಿಂಧನೂರಿಗೆ ಹೋದೆ. ಗುತ್ತಿಗೆದಾರರ ಗೋದಾಮಿನಲ್ಲಿ ಕೂತು ಎಲ್ಲವನ್ನೂ ವಿವರಿಸಿದೆ. ಮುಗಿದ ಮೇಲೆ ಅವರು ನನ್ನ ಮುಖ ನೋಡದೆ ಮಾತಾಡಿದರು.

"ನೀವ ಮಾಡ್ರಿ ಮಾಡ್ರಿ ಅಂದಾಗ ಮಾಡಲಿಲ್ಲ. ಜಲ್ಮದಾಗ ಒಂದ ಸಲ ಮನಸಿಟ್ಟು ಮಾಡಿದೆ ನೋಡ್ರಿ."

"ನೀವು ಮನಸಿಟ್ಟು ಮಾಡಿದ್ದು ನನಗ ಗೊತ್ತೈತ್ರಿ."

"ಗೊತ್ತಿದ್ದು ಏನು ಮಾಡೋದು ಬಿಡ್ರಿ. ಅಲ್ಲಿ ಎಲ್ಲಾರ ಮುಂದ ನೀವ ಹೇಳ್ರಿ. ನನ್ನ ಬಾಯಿಲೆ ಬರಂಗಿಲ್ಲ."

ಗೊತ್ತು ಮಾಡಿದ ದಿನ ಮೂರೂ ತಾಲ್ಲೂಕಿನವರು ಬಂದರು. ಎಲ್ಲರೂ ಚಾವಣಿ ಹತ್ತಿದರು. ಫೋನು ತೆಗೆದು ಫೋಟೋ ಹಿಡಿಯುತ್ತಿದ್ದರು. ಸಾಹೇಬರು ನನ್ನನ್ನೇ ನೋಡುತ್ತಿದ್ದರು. ನಾನು ಭಾಷಣ ಮಾಡಲಿಲ್ಲ. ಈ ಮಣ್ಣು ತಂಪು ಕೊಡುತ್ತದೆ, ಆದರೆ ಇದು ಸವಳು, ಸ್ಲ್ಯಾಬಿನ ಕಬ್ಬಿಣ ತಿನ್ನುತ್ತದೆ, ಇದನ್ನು ಇಲ್ಲಿಂದ ತೆಗೆಸುತ್ತೇವೆ, ಹಾಕಿಸಿಕೊಂಡವರು ನೀವೂ ತೆಗೆಸಿರಿ ಎಂದೆ. ಆಮೇಲೆ ಅವರನ್ನು ಕೆಳಗೆ ಕರೆದೊಯ್ದು ಕೊಕ್ಕೆಯ ಸುತ್ತಲಿನ ಬಿಳಿ ಪುಡಿ ತೋರಿಸಿದೆ. ಇಬ್ಬರು ನನ್ನಂತೆಯೇ ನೆಕ್ಕಿ ನೋಡಿದರು.

"ಅಲ್ರೀ ಮೇಡಂ," ಎಂದರು ಲಿಂಗಸುಗೂರಿನ ಇಂಜಿನಿಯರೊಬ್ಬರು. "ಮಾಡವಲ್ರಿ ಅಂತ ಬೈತಿದ್ರಿ. ಮಾಡಿದ್ರ ತೆಗಿರಿ ಅಂತೀರಿ. ಇದಕ್ಕಿಂತ ಮೊದಲಿನಂಗ ಕಟ್ಟೋದ ಬೇಷಲ್ರಿ?"

ಅಷ್ಟರಲ್ಲಿ ನಮ್ಮ ಗುತ್ತಿಗೆದಾರರು, "ಉಪ್ಪು ತಿಂದವ ನೀರು ಕುಡೀಬೇಕು, ನಡ್ರಿ ನಡ್ರಿ, ಊಟಕ್ಕ ಹೊತ್ತಾತು," ಎಂದು ನಕ್ಕು ಮೆಟ್ಟಿಲು ಇಳಿದುಬಿಟ್ಟರು. ಅವರು ಊಟಕ್ಕೆ ಕೂರಲಿಲ್ಲ.

ಹಾಸ್ಟೆಲಿನ ಮಣ್ಣನ್ನು ಗುತ್ತಿಗೆದಾರರೇ ತೆಗೆಸಿದರು. ಸ್ಲ್ಯಾಬನ್ನು ಸಿಹಿನೀರಿನಿಂದ ಮತ್ತೆ ಮತ್ತೆ ತೊಳೆಸಿ, ಒಣಗಲು ಬಿಟ್ಟು, ಲೇಪ ಹಾಕಿಸಿ, ಟೈಲ್ಸ್ ಚೂರು ಕೂರಿಸಿದರು. ನಾನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿಸಿದರು. ನನ್ನ ಜೊತೆ ಮಾತ್ರ ಮಾತಾಡಲಿಲ್ಲ, ಬೇಕಾದ್ದನ್ನು ಗೌಂಡಿಯ ಬಾಯಿಂದ ಕೇಳಿಸುತ್ತಿದ್ದರು. ಮಸ್ಕಿಯ ಹೊಸ ಮನೆಯವರು ಮಣ್ಣು ಇಳಿಸಿದರು. ಮತ್ತೊಬ್ಬರೂ ತೆಗೆಸಿದೆ ಎಂದು ಫೋಟೋ ಕಳಿಸಿದರು. ವಾಟ್ಸಾಪ್ ಗುಂಪಿನಲ್ಲಿ ಹಸಿರು ಎಂಬ ಮಾತು ನಿಂತೇಹೋಯಿತು. ಮುಂದಿನ ಮಾರ್ಚಿನಲ್ಲಿ ವಾರ್ಡನ್, "ಹೋದ ವರ್ಷದಷ್ಟಿಲ್ರಿ. ಕುಂದ್ರಾಕಂತೂ ಅಡ್ಡಿಯಿಲ್ಲ," ಎಂದರು. ಒಂದು ಮನೆಯ ಸುದ್ದಿ ಮಾತ್ರ ಬರಲಿಲ್ಲ, ಗುತ್ತಿಗೆದಾರರ ಮನೆಯದು. ಕೇಳಿದ ಮೆಸೇಜು ಓದುತ್ತಿದ್ದರು, ಉತ್ತರ ಕೊಡುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನಾನೇ ಸಿಂಧನೂರಿನ ಅವರ ಮನೆಗೆ ಹೋದೆ. ಅವರು ಇರಲಿಲ್ಲ. ಬಾಗಿಲು ತೆಗೆದವರು ಅವರ ತಾಯಿ. ಯಾರೆಂದು ಹೇಳಿದ ಕೂಡಲೇ ಕೈ ಹಿಡಿದು ಒಳಗೆ ಎಳೆದುಕೊಂಡರು.

"ನೀನ ಏನವ್ವ ಮಣ್ಣಿನ ಮೇಡಂ? ಬಾ ಕುಂದ್ರು. ಈ ಸಿಮಿಟಿನ ಮನ್ಯಾಗ ಬಂದಾಗಿಂದ ಬೇಯಾಕತ್ತಿದ್ದೆ ನೋಡವ್ವ. ಈಗ ನಮ್ಮ ಹಳೀ ಮನ್ಯಾಗ ಮಲಗಿದಂಗ ಆಗೇತಿ. ನಿನ್ನ ಹೊಟ್ಟಿ ತಣ್ಣಗಿರಲಿ."

ನೀರು ಕೊಟ್ಟರು. ಕೋಣೆ ನಿಜಕ್ಕೂ ತಂಪಾಗಿತ್ತು. ನೆಲದ ಮೇಲೆ ಚಾಪೆಯಲ್ಲಿ ಮೊಮ್ಮಗಳು ನಿದ್ದೆ ಮಾಡುತ್ತಿದ್ದಳು. ನಾನು ತಲೆ ಎತ್ತಿ ಚಾವಣಿ ನೋಡಿದೆ. ಬಿಳಿ ಪುಡಿಯ ನಡುವೆ ಕೆಂಪುಗಂದು ಗೆರೆಯೊಂದು ಸರಳಿನ ಉದ್ದಕ್ಕೂ ಹೋಗಿತ್ತು, ಸರಿಯಾಗಿ ಚಾಪೆಯ ಮೇಲೆ. ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟೆ. ನನಗೆ ಹೆದರಿಕೆಯಾಯಿತು. ಎಷ್ಟೋ ತಿಂಗಳ ಮೇಲೆ, ಮೊದಲ ಸಲ.

"ಅಮ್ಮಾ, ಈ ಮಣ್ಣು ತೆಗಸಬೇಕ್ರಿ," ಎಂದೆ. ಯಾಕೆಂದು ಹೇಳಿದೆ.

"ಮಗಾ ಹೇಳ್ಯಾನ. ನಾನ ಬ್ಯಾಡ ಅಂದೀನಿ. ಯಾವಾಗ ಬೀಳತೈತವ್ವ ಅದು?"

"ಇಂಥಾ ದಿನ ಅಂತ ಹೇಳಾಕ ಬರಂಗಿಲ್ರಿ. ಐದೋ, ಎಂಟೋ, ಹತ್ತೋ ವರ್ಷಕ್ಕ ಉದರಾಕ ಹತ್ತತೈತಿ."

"ಹಾಂ, ಅಷ್ಟೊತ್ತಿಗೆ ನಾ ಎಲ್ಲಿರ್ತೀನಿ ಬಿಡ," ಎಂದು ನಕ್ಕರು. "ಇರೋತನಕ ತಂಪಾಗಿ ಇರ್ತೀನಿ."

ಸಾಹೇಬರು ಅಂದದ್ದೂ ಇದೇ. ಸಾಹೇಬರ ಮೇಲೆ ಸಿಟ್ಟಾಗಬಹುದಿತ್ತು. ಈ ಮುದುಕಿಯ ಮೇಲೆ ಆಗುವಂತಿರಲಿಲ್ಲ. ಚಾಪೆಯ ಕಡೆ ತಿರುಗಿದೆ.

"ಕೂಸು ಸಾಲ್ಯಾಗ ಎಷ್ಟನೇತ್ತರಿ?"

"ಒಂದನೇತ್ತ. ರಾತ್ರಿನೂ ನನ್ನ ಬಾಜೂಕ ಮಲಗತಾಳ, ತಂಪೈತಿ ಅಂತ..."

ಅವರು ಬೆರಳಿನ ಮೇಲೆ ಐದು, ಎಂಟು, ಹತ್ತು ಎಂದು ಎಣಿಸಿದರು. ಆಮೇಲೆ ಎದ್ದು, ಸೊಂಟ ಹಿಡಿದುಕೊಂಡು ಬಗ್ಗಿ, ಮಗುವಿನ ಸಮೇತ ಚಾಪೆಯನ್ನು ಗೋಡೆಯ ಕಡೆಗೆ ಎಳೆಯತೊಡಗಿದರು. ನಾನು ಇನ್ನೊಂದು ತುದಿ ಹಿಡಿದೆ. ಗುತ್ತಿಗೆದಾರರು ಒಳಗೆ ಬಂದದ್ದು ಅದೇ ಹೊತ್ತಿಗೆ. ನಮ್ಮಿಬ್ಬರನ್ನೂ, ಚಾಪೆಯನ್ನೂ ನೋಡಿ ಬಾಗಿಲಲ್ಲೇ ನಿಂತರು.

"ನಾಳಿಗೆ ಮಣ್ಣು ತೆಗಸಲೇ," ಎಂದರು ತಾಯಿ. "ನನಗ ಒಂದು ಕೂಲರ್ ತಂದು ಹಾಕು."

ಅವರು ಹ್ಞೂಂ ಎಂದರು. ನನ್ನ ಕಡೆ ತಿರುಗಿದರು. "ಹಾಸ್ಟೆಲಿಂದು ಟೈಲ್ಸ್ ಚೂರು ಒಂದೀಟು ಉಳದಾವ್ರಿ ಮೇಡಂ. ನೀವ ನಿಂತು ಹಾಕಸ್ರಿ."

ಬಸ್ ಸ್ಟ್ಯಾಂಡಿಗೆ ನಡೆದು ಬಂದೆ. ಹೊಟ್ಟೆ ಹಸಿದಿತ್ತು. ಗಾಡಿಯಲ್ಲಿ ಬಿಸಿ ಮಿರ್ಚಿ ಕಟ್ಟಿಸಿಕೊಂಡು ಒಂದನ್ನು ಕಚ್ಚಿದೆ.

"ಏನ್ರಿ ಇದು, ಎಷ್ಟ ಉಪ್ಪು ಸುರುವೀರಿ?" ಎಂದು ಆ ಗಾಡಿಯವನ ಮೇಲೆ ರೇಗಿದೆ. ಅವನು ಗಾಬರಿಯಾಗಿ ನೋಡಿದ. ನಾನು ಬೈಯುತ್ತಲೇ ಉಳಿದ ಮಿರ್ಚಿಯನ್ನೂ ತಿಂದು ಮುಗಿಸಿದೆ.